ಹೆಸರು ಬಿಡಿ, ಸರ್ವೆ ನಂಬರ್ ಹಿಡಿಯಿರಿ: ಹಳೆ ನಕ್ಷೆಗಳಲ್ಲಿ ಮನೆತನ ಹುಡುಕುವ ದಾರಿ

ಹಳ್ಳಿಯ ಮನೆತನದ ಇತಿಹಾಸ ಹುಡುಕಲು ಹೊರಟವರು ಮೊದಲು ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಒಂದೇ ಊರಲ್ಲಿ ನಾಲ್ಕು ಜನ ಸಿದ್ದಯ್ಯ, ಮೂರು ಜನ ಕೆಂಪಯ್ಯ ಇರುತ್ತಾರೆ. ಹಳೆ ಮೈಸೂರು ಕಡೆ ಅಡ್ಡಹೆಸರೂ ಇರುವುದಿಲ್ಲ. ದಾಖಲೆಯಲ್ಲಿ ‘ಸಿದ್ದಯ್ಯ ಬಿನ್ ಕೆಂಪಯ್ಯ’ ಅಂತ ಕಂಡರೆ ಅದು ನಿಮ್ಮ ಮುತ್ತಾತನೋ, ಅವರ ತಾತನೋ, ಪಕ್ಕದ ಬೀದಿಯವರೋ ಹೇಳುವುದು ಕಷ್ಟ.

ಜಮೀನಿಗೆ ಈ ತೊಂದರೆ ಇಲ್ಲ. ಅದು ಇದ್ದ ಕಡೆಯೇ ಇರುತ್ತದೆ. ನೂರೈವತ್ತು ವರ್ಷದ ಹಿಂದೆ ಸರ್ವೆಯವರು ಸರಪಳಿ ಹಿಡಿದು ಅಳೆದು ಕೊಟ್ಟ ನಂಬರ್ ಬಹಳ ಊರುಗಳಲ್ಲಿ ಇವತ್ತಿಗೂ ಅದೇ. ಮಾಲೀಕರು ಬದಲಾದರು, ಪಾಲಾಯಿತು, ಮಾರಾಟವಾಯಿತು. ನಂಬರಿನ ಪಕ್ಕ ಒಂದು ಗೀಟು ಹಾಕಿ ಇನ್ನೊಂದು ಅಂಕಿ ಸೇರಿಸಿದರು, ಅಷ್ಟೇ. ಅದಕ್ಕೇ ಹೇಳುವುದು, ಹೆಸರು ಹಿಡಿದು ಹುಡುಕಬೇಡಿ, ಜಾಗ ಹಿಡಿದು ಹುಡುಕಿ. ಕರ್ನಾಟಕದ ಹಳ್ಳಿಗಳಲ್ಲಿ ಈ ಕೆಲಸ ಮಾಡುವುದು ಹೇಗೆ ಅಂತ ಹಂತ ಹಂತವಾಗಿ ನೋಡೋಣ.

ಮೊದಲು ಮನೆಯಲ್ಲಿ ಕೇಳಿ, ಆದರೆ ಬೇರೆ ಪ್ರಶ್ನೆ ಕೇಳಿ

ಹಿರಿಯರ ಹತ್ತಿರ ಹೋಗಿ ‘ನಮ್ಮ ವಂಶಾವಳಿ ಹೇಳಿ’ ಅಂದರೆ ಮೂರು ತಲೆಮಾರಿಗೆ ನಿಂತುಹೋಗುತ್ತದೆ. ಹೊಲದ ಬಗ್ಗೆ ಕೇಳಿ ನೋಡಿ.

“ಅಜ್ಜಿ, ನಿಮ್ಮ ಮಾವನವರ ಹೊಲ ಎಲ್ಲಿತ್ತು?”

“ಕೆರೆ ಕೋಡಿ ದಾಟಿದ್ರೆ ದೊಡ್ಡ ಹುಣಸೆಮರ. ಅಲ್ಲಿಂದ ಹಳ್ಳ. ಹಳ್ಳದಿಂದ ಆಚೆ ನಿಮ್ಮ ದೊಡ್ಡಜ್ಜಂದು, ಈಚೆ ನಮ್ದು. ಮೇಲ್ಗಡೆ ದೇವಸ್ಥಾನದ ಮಾನ್ಯ.”

ಈ ಮೂರು ಮಾತಿನಲ್ಲಿ ಕೋಡಿ ಇದೆ, ಹಳ್ಳ ಇದೆ, ಅಣ್ಣತಮ್ಮಂದಿರ ಪಾಲು ಇದೆ, ದೇವಸ್ಥಾನದ ಇನಾಂ ಜಮೀನು ಇದೆ. ಇವೆಲ್ಲ ನಕ್ಷೆಯಲ್ಲಿ ಗುರುತು ಹಿಡಿಯಬಹುದಾದ ಸಂಗತಿಗಳು. ಅಜ್ಜಿ ಹೇಳುತ್ತಿರುವಾಗಲೇ ಒಂದು ಹಾಳೆಯಲ್ಲಿ ಕೈಗೆ ಬಂದಂತೆ ಗೀಚಿಕೊಳ್ಳಿ. ಕೆರೆ ಎಲ್ಲಿ, ಊರು ಎಲ್ಲಿ, ಮೂಡಣ ಯಾವ ಕಡೆ ಅಂತ ಅವರಿಂದಲೇ ತೋರಿಸಿಕೊಳ್ಳಿ. ಹೊಲಗಳಿಗೆ ಇಟ್ಟ ಹೆಸರುಗಳನ್ನು ಬಿಡಬೇಡಿ: ಕೆರೆ ಕೆಳಗಲ ಗದ್ದೆ, ತೋಪಿನ ಹೊಲ, ಗುಡ್ಡದ ಹೊಲ. ದಾಖಲೆಯಲ್ಲಿ ಈ ಹೆಸರುಗಳು ಒಮ್ಮೊಮ್ಮೆ ಇರುತ್ತವೆ, ಕ್ರಯಪತ್ರಗಳಲ್ಲಿ ಜಾಸ್ತಿ.

ಮನೆದೇವರು ಯಾರು, ಎಲ್ಲಿದ್ದಾರೆ ಅಂತಲೂ ಕೇಳಿ. ಈಗಿನ ಊರಿನಿಂದ ದೂರದಲ್ಲಿ ಮನೆದೇವರಿದ್ದರೆ, ಹಿಂದೆ ಎಂದೋ ಆ ಕಡೆಯಿಂದ ಬಂದಿರುವ ಸಾಧ್ಯತೆ ಇದೆ. ಇದೇ ಪುರಾವೆ ಅಂತ ಅಂದುಕೊಳ್ಳಬೇಡಿ. ಹುಡುಕಬೇಕಾದ ದಿಕ್ಕು ಸಿಗುತ್ತದೆ, ಅಷ್ಟು ಸಾಕು. ‘ಬರ ಬಂದಾಗ ಊರು ಬಿಟ್ಟು ಬಂದೆವು’ ಅನ್ನುವ ಮಾತು ಬಂದರೆ ಯಾವ ಬರ ಅಂತ ಕೇಳಿ. ಹಳಬರು ಹೇಳುವ ಧಾತು–ಈಶ್ವರ ಬರ ಎಂದರೆ 1876ರಿಂದ 1878ರವರೆಗಿನ ಮಹಾಬರ. ‘ಪ್ಲೇಗಿನ ವರ್ಷ’ ಎಂದರೆ 1898 ಅಥವಾ ಆಮೇಲಿನ ವರ್ಷಗಳು. ಇಂಥ ಒಂದು ಮಾತಿನಿಂದ ಯಾವ ಕಾಲದ ನಕ್ಷೆ ಬೇಕು ಅನ್ನುವುದು ಗೊತ್ತಾಗುತ್ತದೆ.

ನಿಮ್ಮ ಮನೆಗೆ ಹೆಳವರು ಬರುತ್ತಿದ್ದರೆ ನೀವು ಪುಣ್ಯವಂತರು. ಎತ್ತಿನ ಮೇಲೆ ಬಂದು ಮನೆ ಮುಂದೆ ನಿಂತು ವಂಶ ಹೇಳುವ ಈ ಜನ, ಒಕ್ಕಲು ಮನೆಗಳ ತಲೆಮಾರುಗಳನ್ನು ಬರೆದಿಟ್ಟುಕೊಂಡಿರುತ್ತಾರೆ. ಯಾವ ಊರಿನಿಂದ ಯಾವ ಊರಿಗೆ ಬಂದರು ಅನ್ನುವುದನ್ನೂ ಹೇಳುತ್ತಾರೆ. ಅವರು ಹೇಳಿದ ಊರ ಹೆಸರುಗಳನ್ನು ಹಾಗೇ ಬರೆದುಕೊಳ್ಳಿ. ಆಮೇಲೆ ನಕ್ಷೆಯಲ್ಲಿ ಹುಡುಕಬಹುದು.

ಕೊನೆಗೆ ಟ್ರಂಕು ತೆಗೆಸಿ. ಹಳೆ ಕಂದಾಯ ರಸೀದಿ, ಪಟ್ಟೆ ಪುಸ್ತಕ, ಭೋಗ್ಯ ಪತ್ರ, ವಿಭಾಗ ಪತ್ರ, ಯಾವುದರಲ್ಲಾದರೂ ಒಂದು ಸರ್ವೆ ನಂಬರ್ ಸಿಕ್ಕರೆ ಅರ್ಧ ಕೆಲಸ ಆದಂತೆ.

ಊರು ಆಗ ಯಾರ ಆಳ್ವಿಕೆಯಲ್ಲಿತ್ತು?

ಇದನ್ನು ತಿಳಿಯದೆ ಕಚೇರಿಗೆ ಹೋದರೆ ಸುಮ್ನೆ ಅಲೆದಾಟ. ಈಗಿನ ರಾಜ್ಯ ಒಂದಾಗಿದ್ದು 1956ರ ನವೆಂಬರ್ 1ರಂದು. ಅದಕ್ಕೂ ಮುಂಚೆ ನಮ್ಮ ಊರುಗಳು ಬೇರೆ ಬೇರೆ ಆಡಳಿತದಲ್ಲಿದ್ದವು. ಒಂದೊಂದು ಕಡೆ ಒಂದೊಂದು ಬಗೆಯ ಸರ್ವೆ, ಒಂದೊಂದು ಬಗೆಯ ದಾಖಲೆ.

ಬೆಳಗಾವಿ, ಧಾರವಾಡ, ವಿಜಯಪುರ ಕಡೆ ಮುಂಬೈ ಪ್ರಾಂತ್ಯ. ಅಲ್ಲಿ ಕಂದಾಯ ಸರ್ವೆ 1840ರ ದಶಕದಲ್ಲೇ ಶುರುವಾಗಿತ್ತು. ಹಳೆ ಕಾಗದಗಳು ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ ಇರಬಹುದು. ಉತ್ತರ ಕನ್ನಡ 1862ರವರೆಗೆ ಮದ್ರಾಸಿಗೆ ಸೇರಿತ್ತು, ಆಮೇಲೆ ಮುಂಬೈಗೆ ಹೋಯಿತು. ಜಮಖಂಡಿ, ಮುಧೋಳ, ಸವಣೂರು ಸಂಸ್ಥಾನಗಳಾಗಿದ್ದವು. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಹೈದರಾಬಾದಿನಲ್ಲಿದ್ದವು. ಅಲ್ಲಿನ ದಾಖಲೆ ಉರ್ದು. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಬಳ್ಳಾರಿ 1953ರಲ್ಲೇ ಮೈಸೂರಿಗೆ ಬಂತು. ಕೊಡಗಿನದೇ ಬೇರೆ ಕಥೆ, ಅಲ್ಲಿನ ಜಮ್ಮಾ ಅನ್ನುವ ವಂಶಪಾರಂಪರ್ಯ ಹಿಡುವಳಿ ಪದ್ಧತಿಯೂ ಬೇರೆ. ಮೈಸೂರು ಸಂಸ್ಥಾನದಲ್ಲಿ ಮುಂಬೈ ಮಾದರಿಯಲ್ಲೇ 1860ರ ದಶಕದಲ್ಲಿ ಕಂದಾಯ ಸರ್ವೆ ಶುರುವಾಯಿತು.

ಅಳತೆಯ ಲೆಕ್ಕವೂ ಇದೇ ಗೆರೆಯಲ್ಲಿ ಬೇರೆಯಾಗುತ್ತದೆ. ಮುಂಬೈ, ಮೈಸೂರು ಕಡೆ ಎಕರೆ–ಗುಂಟೆ–ಆಣೆ. 16 ಆಣೆಗೆ 1 ಗುಂಟೆ, 40 ಗುಂಟೆಗೆ 1 ಎಕರೆ. ಅಲ್ಲಿನ ಸರಪಳಿ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗವೇ 1 ಗುಂಟೆ, ಅಂದರೆ 1,089 ಚದರ ಅಡಿ. ಕರಾವಳಿಯಲ್ಲಿ ಸೆಂಟ್ಸ್ ಲೆಕ್ಕ, 100 ಸೆಂಟ್ಸಿಗೆ 1 ಎಕರೆ. ಎರಡೂವರೆ ಸೆಂಟ್ಸ್ ಸೇರಿದರೆ ಒಂದು ಗುಂಟೆ.

ವರ್ಷ ಬರೆಯುವ ಕ್ರಮಕ್ಕೂ ಗಮನ ಇರಲಿ. ಮದ್ರಾಸ್, ಹೈದರಾಬಾದ್ ಕಡೆಯ ಕಾಗದಗಳಲ್ಲಿ ಫಸಲಿ, ಅಂದರೆ ಕಂದಾಯದ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. ಫಸಲಿ 1320 ಅಂದರೆ 1910–11.

ಗ್ರಾಮ ನಕ್ಷೆ ತರಿಸಿಕೊಳ್ಳಿ

ಮನೆತನ ಹುಡುಕುವವರಿಗೆ ಮುಖ್ಯವಾದ ನಕ್ಷೆ ಗ್ರಾಮ ನಕ್ಷೆ. ಊರಿನ ಗಡಿ, ಒಂದೊಂದು ಸರ್ವೆ ನಂಬರಿನ ಗಡಿ, ಕೆರೆ, ಹಳ್ಳ, ದಾರಿ, ಗ್ರಾಮಠಾಣಾ (ಊರ ಮನೆಗಳಿರುವ ಜಾಗ) ಎಲ್ಲ ಇದರಲ್ಲಿರುತ್ತವೆ. ಸಾಮಾನ್ಯವಾಗಿ ಕಾಣುವ ಅಳತೆ 1:7920, ಅಂದರೆ ನಕ್ಷೆಯ ಒಂದು ಇಂಚಿಗೆ ನೆಲದ 660 ಅಡಿ.

ಭೂಮಾಪನ ಇಲಾಖೆಯ ಲ್ಯಾಂಡ್ ರೆಕಾರ್ಡ್ಸ್ ಜಾಲತಾಣದಲ್ಲಿ ಕಂದಾಯ ನಕ್ಷೆಗಳ ವಿಭಾಗವಿದೆ. ಜಿಲ್ಲೆ, ತಾಲೂಕು, ಹೋಬಳಿ ಆರಿಸಿ ಊರಿನ ಹೆಸರು ಒತ್ತಿದರೆ ಪಿಡಿಎಫ್ ಇಳಿಯುತ್ತದೆ. ದುಡ್ಡು ಕೊಡಬೇಕಿಲ್ಲ. ಹೋಬಳಿ ಗೊತ್ತಿಲ್ಲ ಅಂದರೆ ಈಗಿನ ಪಹಣಿಯಲ್ಲಿ ನೋಡಿಕೊಳ್ಳಿ. ಒಂದೇ ತಾಲೂಕಿನಲ್ಲಿ ಹೊಸಹಳ್ಳಿ, ರಾಂಪುರ ಅನ್ನುವ ಊರುಗಳು ಹಲವು ಇರುತ್ತವೆ. ಹೋಬಳಿ ತಪ್ಪಿದರೆ ಬೇರೆಯವರ ಊರಿನ ನಕ್ಷೆಯಲ್ಲಿ ನಿಮ್ಮ ತಾತನ ಹೊಲ ಹುಡುಕುತ್ತಾ ಕೂರಬೇಕಾಗುತ್ತದೆ.

ಇನ್ನೊಂದು ಸಂಗತಿ. ನೀವು ಊರು ಅಂದುಕೊಂಡಿರುವುದು ಕಂದಾಯ ದಾಖಲೆಯಲ್ಲಿ ಊರೇ ಆಗಿರದೆ ಇನ್ನೊಂದು ಗ್ರಾಮದ ಮಜರೆ (ಅದಕ್ಕೆ ಸೇರಿದ ಉಪಗ್ರಾಮ) ಆಗಿರಬಹುದು. ಹಟ್ಟಿ, ತಾಂಡಾ, ದೊಡ್ಡಿ, ಕೊಪ್ಪಲು ಅಂತ ಮುಗಿಯುವ ಹೆಸರುಗಳಲ್ಲಿ ಇದು ಜಾಸ್ತಿ. ಆಗ ಮುಖ್ಯ ಗ್ರಾಮದ ನಕ್ಷೆ ತೆಗೆಯಬೇಕು.

ಪಿಡಿಎಫ್‌ನಲ್ಲಿ ಇರುವುದು ಬಹಳ ಸಲ ಆಮೇಲೆ ಮತ್ತೆ ಬರೆದ ನಕ್ಷೆ. ಮೂಲ ಸರ್ವೆಯ ಕಾಗದಗಳು ಬೇಕೆಂದರೆ ತಾಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಗೆ ನಕಲು ಅರ್ಜಿ ಹಾಕಬೇಕು. ಅಲ್ಲಿ ಕೇಳುವಾಗ ‘ಹಳೆ ನಕ್ಷೆ ಕೊಡಿ’ ಅನ್ನಬೇಡಿ. ‘ಇಂಥ ಗ್ರಾಮದ ಸರ್ವೆ ನಂಬರ್ ಇಷ್ಟರ ಮೂಲ ಟಿಪ್ಪಣಿ, ಹಿಸ್ಸಾ ಟಿಪ್ಪಣಿ, ಆಕಾರಬಂದ್ ನಕಲು ಬೇಕು’ ಅಂತ ಬರೆಯಿರಿ. ಕಚೇರಿಯ ಭಾಷೆಯಲ್ಲಿ ಕೇಳಿದರೆ ಕೆಲಸ ಬೇಗ ಆಗುತ್ತದೆ. ಟಿಪ್ಪಣಿ ಎಂದರೆ ಒಂದೊಂದು ನಂಬರನ್ನೂ ಸ್ಥಳದಲ್ಲೇ ಅಳೆದು ಬರೆದ ಚಿತ್ರ. ಗಡಿಯ ಉದ್ದ, ಕಲ್ಲುಗಳ ಜಾಗ, ಪಕ್ಕದ ನಂಬರುಗಳು ಎಲ್ಲ ಅದರಲ್ಲಿ. ಆ ನಂಬರ್ ಪಾಲಾದಾಗ ಒಂದೊಂದು ಪಾಲನ್ನೂ ಅಳೆದು ಬರೆದದ್ದು ಹಿಸ್ಸಾ ಟಿಪ್ಪಣಿ. ಆಕಾರಬಂದ್‌ನಲ್ಲಿ ಆ ನಂಬರಿನ ವಿಸ್ತೀರ್ಣ, ಸಾಗುವಳಿಗೆ ಬಾರದ ಖರಾಬು, ಖುಷ್ಕಿ (ಮಳೆ ನಂಬಿದ ಹೊಲ)–ತರಿ (ಗದ್ದೆ)–ಬಾಗಾಯ್ತು (ತೋಟ) ಯಾವುದು, ಆಕಾರ ಅಂದರೆ ಕಂದಾಯ ಎಷ್ಟು ಅನ್ನುವುದಿರುತ್ತದೆ.

ಮದ್ರಾಸ್ ಪ್ರಾಂತ್ಯದ ಊರುಗಳಲ್ಲಿ ಇದೇ ಕೆಲಸಕ್ಕೆ ಎಫ್‌ಎಂಬಿ (ಹೊಲದ ಅಳತೆ ಪುಸ್ತಕ) ನಕ್ಷೆ, ಸೆಟ್ಲ್‌ಮೆಂಟ್ ರಿಜಿಸ್ಟರ್, ಅಡಂಗಲ್ (ಪಹಣಿಯಂಥ ಪುಸ್ತಕ) ಅಂತ ಕೇಳಬೇಕು.

ನಕ್ಷೆಯನ್ನು ಕೂತು ಓದಿ

ನಕ್ಷೆ ಕೈಗೆ ಬಂದ ಕೂಡಲೇ ನಿಮ್ಮ ನಂಬರ್ ಹುಡುಕಲು ಹೋಗಬೇಡಿ. ಮೊದಲು ಗ್ರಾಮಠಾಣಾ ಎಲ್ಲಿದೆ ನೋಡಿ. ಆಮೇಲೆ ಕೆರೆ, ಕೆರೆಯ ಏರಿ, ತೂಬು, ಕೋಡಿ. ಆಮೇಲೆ ದಾರಿಗಳು ಯಾವ ಯಾವ ಊರಿಗೆ ಹೋಗುತ್ತವೆ ಅನ್ನುವುದು. ಅಜ್ಜಿ ಹೇಳಿದ್ದನ್ನು ಗೀಚಿಕೊಂಡ ಹಾಳೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಕೋಡಿ ಸಿಕ್ಕಿತು, ಹಳ್ಳ ಸಿಕ್ಕಿತು ಅಂದರೆ ಹೊಲ ಇರಬೇಕಾದ ಜಾಗ ನಾಲ್ಕೈದು ನಂಬರುಗಳೊಳಗೆ ಬಂದುಬಿಡುತ್ತದೆ.

ನಂಬರುಗಳ ಸಾಲಿಗೂ ಒಂದು ಕ್ರಮ ಇರುತ್ತದೆ. ಸರ್ವೆಯವರು ಊರ ಒಂದು ಕಡೆಯಿಂದ ಶುರುಮಾಡಿ ಹೊಲದಿಂದ ಹೊಲಕ್ಕೆ ನಡೆಯುತ್ತಾ ನಂಬರ್ ಕೊಟ್ಟುಕೊಂಡು ಹೋಗಿರುತ್ತಾರೆ. 40, 41, 42 ಅಂತ ಸಾಗುವ ಸಾಲಿನ ನಡುವೆ ಇದ್ದಕ್ಕಿದ್ದಂತೆ 187 ಕಂಡರೆ ಅದು ಆಮೇಲೆ ಹುಟ್ಟಿದ ನಂಬರ್. ಗೋಮಾಳದಿಂದಲೋ, ಬೀಳು ಬಿದ್ದ ಸರ್ಕಾರಿ ಜಾಗದಿಂದಲೋ ದರಖಾಸ್ತಿನಲ್ಲಿ, ಅಂದರೆ ಅರ್ಜಿ ಹಾಕಿದವರಿಗೆ ಮಂಜೂರು ಮಾಡಿ ಕೊಟ್ಟಿದ್ದಾಗಿರಬಹುದು. ನಿಮ್ಮ ಮನೆಯವರ ಜಮೀನು ಇಂಥ ದೊಡ್ಡ ನಂಬರಿನಲ್ಲಿದ್ದರೆ, ಅವರು ಮೂಲ ಸರ್ವೆಯ ಕಾಲದಲ್ಲಿ ಆ ಊರಿನಲ್ಲಿ ಹಿಡುವಳಿದಾರರಾಗಿ ಇರಲಿಲ್ಲವೇನೋ ಅನ್ನುವ ಅನುಮಾನ ಬರಬೇಕು. ಹೊರಗಿನಿಂದ ಬಂದವರಿರಬಹುದು, ಇಲ್ಲವೇ ಊರಿನಲ್ಲೇ ಜಮೀನಿಲ್ಲದೆ ಇದ್ದವರಿರಬಹುದು. ಜಮೀನು ಮಂಜೂರಾದ ಕಡತದಲ್ಲಿ ಉತ್ತರ ಇರುತ್ತದೆ.

ಊರಿನ ಗಡಿಯನ್ನೂ ನೋಡಿ. ಗಡಿ ಸೀದಾ ಇರುವ ಕಡೆಗಿಂತ ಅಂಕುಡೊಂಕಾಗಿ ಒಳಗೆ ಹೊರಗೆ ಹೋಗುವ ಕಡೆ ಕಥೆ ಜಾಸ್ತಿ. ನಿಮ್ಮ ಊರಿಗೆ ಅಂಟಿಕೊಂಡಂತೆ ಜನವೇ ಇಲ್ಲದ ಇನ್ನೊಂದು ಕಂದಾಯ ಗ್ರಾಮ ಇದ್ದರೆ ಅದನ್ನು ಬೇಚರಾಕ್ ಗ್ರಾಮ ಅನ್ನುತ್ತಾರೆ. ಹೆಸರಿದೆ, ಸರ್ವೆ ನಂಬರುಗಳಿವೆ, ಮನೆ ಒಂದೂ ಇಲ್ಲ. ಬರಕ್ಕೋ ರೋಗಕ್ಕೋ ಜನ ಎದ್ದು ಪಕ್ಕದ ಊರಿಗೆ ಹೋಗಿ ನೆಲೆಸಿದ್ದರೆ ಹೀಗಾಗುತ್ತದೆ. ‘ನಮ್ಮದು ಹಾಳೂರು ಕಡೆಯಿಂದ ಬಂದ ಮನೆ’ ಅನ್ನುವವರು ಅಕ್ಕಪಕ್ಕದ ಬೇಚರಾಕ್ ಗ್ರಾಮಗಳ ನಕ್ಷೆಯನ್ನೂ ತೆಗೆಯಲೇಬೇಕು.

ನಂಬರಿನಿಂದ ಹೆಸರಿಗೆ

ಗ್ರಾಮ ನಕ್ಷೆಯಲ್ಲಿ ಯಾರ ಹೆಸರೂ ಇರುವುದಿಲ್ಲ. ಇದನ್ನು ನೋಡಿ ನಿರಾಸೆಯಾಗಿ ಕೈಬಿಟ್ಟವರು ಬಹಳ. ಹೆಸರು ಇರುವುದು ಪುಸ್ತಕಗಳಲ್ಲಿ. ಆ ಪುಸ್ತಕ ತೆಗೆಯಲು ನಂಬರ್ ಬೇಕು.

ಈಗಿನಿಂದ ಹಿಂದಕ್ಕೆ ಹೋಗಿ. ಕಂಪ್ಯೂಟರ್ ಪಹಣಿ ಭೂಮಿ ಯೋಜನೆಯಿಂದ ಈಚಿನದು, ಸುಮಾರು 2000ದ ನಂತರದ್ದು. ಅದಕ್ಕೂ ಹಿಂದಿನದು ಕೈಬರಹದ ಪಹಣಿ, ತಾಲೂಕು ಕಚೇರಿಯ ಅಭಿಲೇಖಾಲಯದಲ್ಲಿರುತ್ತದೆ. ಅಲ್ಲಿನ ಹಳೆ ಕಡತಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ತಾಲೂಕಿನದು ಆಗಿದ್ದರೆ ಧೂಳು ಕುಡಿಯುವುದು ತಪ್ಪುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಹಳೆ ಮೈಸೂರು ಕಡೆ ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್ ಪುಸ್ತಕಗಳು. ಕಚೇರಿಯವರ ಬಾಯಲ್ಲಿ ಇವು ಐಎಲ್, ಆರ್‌ಆರ್.

ನನ್ನ ಪ್ರಕಾರ ಇವೆಲ್ಲಕ್ಕಿಂತ ಉಪಯೋಗದ್ದು ಮ್ಯುಟೇಶನ್ ರಿಜಿಸ್ಟರ್, ಎಂಆರ್ ಅನ್ನುತ್ತಾರಲ್ಲ ಅದು. ಪಹಣಿಯಲ್ಲಿ ಹೆಸರು ಬದಲಾಗಿರುವುದು ಮಾತ್ರ ಕಾಣುತ್ತದೆ. ಯಾಕೆ ಬದಲಾಯಿತು ಅನ್ನುವುದು ಎಂಆರ್‌ನಲ್ಲಿರುತ್ತದೆ: ಕ್ರಯ, ದಾನ, ವಿಭಾಗ, ಪೌತಿ. ಪೌತಿ ಅಂತ ಇದ್ದರೆ ಖಾತೆದಾರರು ತೀರಿಕೊಂಡು ವಾರಸುದಾರರ ಹೆಸರಿಗೆ ಹೋಗಿದೆ ಅಂತ. ಮರಣ ಪ್ರಮಾಣಪತ್ರ ಇಲ್ಲದ ಕಾಲದ ಮುತ್ತಾತ ಯಾವ ವರ್ಷದ ಆಸುಪಾಸಿನಲ್ಲಿ ಹೋದರು, ಆಗ ಬದುಕಿದ್ದ ಮಕ್ಕಳು ಯಾರು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಅಪರೂಪ. ಒಂದು ಎಚ್ಚರಿಕೆ ಇದೆ. ಪೌತಿ ಖಾತೆ ಮಾಡಿಸದೆ ಎರಡು ತಲೆಮಾರು ಕಳೆದಿರುವುದು ನಮ್ಮಲ್ಲಿ ಮಾಮೂಲು. ಆದ್ದರಿಂದ ಎಂಆರ್ ತಾರೀಖನ್ನೇ ಸಾವಿನ ತಾರೀಖು ಅಂತ ಬರೆದುಕೊಳ್ಳಬೇಡಿ, ‘ಇದಕ್ಕಿಂತ ಮುಂಚೆ’ ಅಂತ ಬರೆದುಕೊಳ್ಳಿ.

ಹೆಸರಿನ ಮುಂದಿನ ಚಿಕ್ಕ ಪದಗಳನ್ನು ಬಿಡಬೇಡಿ. ‘ಬಿನ್’ ಇದ್ದರೆ ಮುಂದಿನದು ಅಪ್ಪನ ಹೆಸರು. ‘ಕೋಂ’ ಇದ್ದರೆ ಗಂಡನ ಹೆಸರು. ಹೆಂಗಸೊಬ್ಬರ ಹೆಸರಿನಲ್ಲಿ ಜಮೀನಿದ್ದರೆ ಅಲ್ಲಿ ನಿಂತು ನೋಡಿ. ಗಂಡ ಸತ್ತು ಮಕ್ಕಳು ಚಿಕ್ಕವರಿದ್ದರೋ, ತವರಿನಿಂದ ಬಂದ ಜಮೀನೋ, ಮನೆಅಳಿಯನ ಸಂಸಾರವೋ, ಏನೋ ಒಂದು ಇದ್ದೇ ಇರುತ್ತದೆ.

ಉಪನೋಂದಣಿ ಕಚೇರಿಯ ಪತ್ರಗಳನ್ನೂ ಮರೆಯಬೇಡಿ. ಅಲ್ಲಿ ಬೇಕಾದದ್ದು ಚೆಕ್ಕುಬಂದಿ. ‘ಪೂರ್ವಕ್ಕೆ ಅಣ್ಣ ಇಂಥವನ ಹಿಸ್ಸೆ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ದೇವಸ್ಥಾನದ ಮಾನ್ಯ, ದಕ್ಷಿಣಕ್ಕೆ ಬಂಡಿದಾರಿ’ ಅಂತ ನಾಲ್ಕು ದಿಕ್ಕು ಬರೆದಿರುತ್ತಾರೆ. ನಂಬರ್ ಇಲ್ಲದ ಹಳೆ ಪತ್ರವಾದರೂ ಈ ನಾಲ್ಕು ಗಡಿಯನ್ನು ಗ್ರಾಮ ನಕ್ಷೆಯ ಮೇಲೆ ಕೂರಿಸಿದರೆ ಜಾಗ ಗೊತ್ತಾಗುತ್ತದೆ.

ಹಿಸ್ಸಾ ನಂಬರಿನಲ್ಲಿ ಅಣ್ಣತಮ್ಮಂದಿರು

ಈ ಹಂತಕ್ಕೆ ಸ್ವಲ್ಪ ಹೊತ್ತು ಕೊಡಿ. ಉದಾಹರಣೆಗೆ ಸರ್ವೆ ನಂಬರ್ 62 ಅಂತ ಇಟ್ಟುಕೊಳ್ಳೋಣ. ಮೂಲ ಆಕಾರಬಂದ್‌ನಲ್ಲಿ ಅದು 6 ಎಕರೆ 30 ಗುಂಟೆ, ಒಬ್ಬರೇ ಖಾತೆದಾರರು. ಆಮೇಲಿನ ದಾಖಲೆಯಲ್ಲಿ 62/1, 62/2, 62/3 ಬಂದಿದೆ. ಮೂರೂ 2 ಎಕರೆ 10 ಗುಂಟೆ. ಮೂರೂ ಖಾತೆದಾರರ ಹೆಸರಿನ ಮುಂದೆ ಬಿನ್ ಆದಮೇಲೆ ಒಂದೇ ಹೆಸರು. ಸಮಪಾಲು, ಒಬ್ಬನೇ ಅಪ್ಪ: ಮೂವರು ಅಣ್ಣತಮ್ಮಂದಿರು. ಮುಂದೆ 62/2 ಮತ್ತೆ ಒಡೆದು 1 ಎಕರೆ 5 ಗುಂಟೆಯ ಎರಡು ತುಂಡಾಗಿದೆ. ನಡುವಿನವನಿಗೆ ಇಬ್ಬರು ಗಂಡುಮಕ್ಕಳು ಅಂತ ಊಹಿಸಬಹುದು. 62/1 ಒಡೆದೇ ಇಲ್ಲ. ಒಬ್ಬನೇ ಮಗ ಇರಬಹುದು, ಮಾರಿರಬಹುದು, ಸಂತಾನ ಇಲ್ಲದೆ ಬೇರೆಯವರಿಗೆ ಹೋಗಿರಬಹುದು. ಯಾವುದು ಅನ್ನುವುದಕ್ಕೆ ಎಂಆರ್ ತೆಗೆಯಬೇಕು.

ಈಗ ಹಿಸ್ಸಾ ಟಿಪ್ಪಣಿಯ ಚಿತ್ರ ನೋಡಿ. ಮೂರು ಪಾಲೂ ಕೆರೆ ಕಾಲುವೆಯಿಂದ ಶುರುವಾಗಿ ಹಿಂದಕ್ಕೆ ಉದ್ದುದ್ದ ಪಟ್ಟಿಗಳಾಗಿ ಹೋಗಿವೆ. ಅಡ್ಡಡ್ಡ ಹಂಚಿದ್ದರೆ ಸುಲಭವಾಗಿತ್ತು, ಆದರೆ ಆಗ ಒಬ್ಬನಿಗೇ ನೀರು ಸಿಗುತ್ತಿತ್ತು. ಹಾಗಾಗಿ ಮೂವರಿಗೂ ಕಾಲುವೆ ಮುಟ್ಟುವಂತೆ ಉದ್ದಕ್ಕೆ ಸೀಳಿದ್ದಾರೆ. ಬಾವಿ ಇದ್ದರೆ ಅದರ ಜಾಗ, ಅದಕ್ಕೆ ಹೋಗುವ ದಾರಿಯ ಹಕ್ಕು ವಿಭಾಗ ಪತ್ರದಲ್ಲಿರುತ್ತದೆ. ಪಾಲು ಸಮ ಇಲ್ಲದಿದ್ದರೆ ಅದಕ್ಕೂ ಕಾರಣ ಹುಡುಕಿ: ಹಿರಿಯನಿಗೆ ಜ್ಯೇಷ್ಠಾಂಶ ಅಂತ ಸ್ವಲ್ಪ ಜಾಸ್ತಿ ಕೊಡುತ್ತಿದ್ದದ್ದು, ಮನೆ ಪಡೆದವನಿಗೆ ಹೊಲ ಕಮ್ಮಿ ಕೊಟ್ಟದ್ದು, ಇಂಥವೆಲ್ಲ ಗುಂಟೆಯ ಲೆಕ್ಕದಲ್ಲಿ ಕಾಣುತ್ತವೆ.

ಅಕ್ಕಪಕ್ಕದ ನಂಬರುಗಳ ಖಾತೆದಾರರನ್ನೂ ಬರೆದುಕೊಳ್ಳಿ. 61ರಲ್ಲೂ 63ರಲ್ಲೂ ಇರುವವರು ದಾಯಾದಿಗಳಾಗಿದ್ದರೆ ಮೂಲ ಸರ್ವೆಗೂ ಮುಂಚೆ ಆ ಮೂರೂ ಒಂದೇ ಮನೆಯದಾಗಿರಬಹುದು. ಹೀಗೆ ನಕ್ಷೆಗಿಂತ ಒಂದು ತಲೆಮಾರು ಹಿಂದಕ್ಕೂ ಹೋಗಲು ಆಗುತ್ತದೆ.

ಜಮೀನೇ ಇಲ್ಲದವರು ಎಲ್ಲಿ ಹುಡುಕಬೇಕು?

ಇಲ್ಲಿಯವರೆಗೆ ಹೇಳಿದ್ದೆಲ್ಲ ಖಾತೆ ಇದ್ದವರ ಕಥೆ. ಊರಿನ ಅರ್ಧ ಜನಕ್ಕೆ ಖಾತೆ ಇರಲಿಲ್ಲ, ಅಲ್ವಾ? ಅವರನ್ನು ಹುಡುಕಲು ಬೇರೆ ಕಡತಗಳಿವೆ.

ಗೇಣಿ ಮಾಡುತ್ತಿದ್ದವರಿಗೆ 1974ರ ಭೂ ಸುಧಾರಣೆ ತಿದ್ದುಪಡಿ ದೊಡ್ಡ ದಾಖಲೆ ಬಿಟ್ಟುಹೋಗಿದೆ. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯ ಮಂಡಳಿಗೆ ಕೊಟ್ಟರು. ಯಾವ ನಂಬರು, ಎಷ್ಟು ವರ್ಷದಿಂದ ಸಾಗುವಳಿ, ಅಪ್ಪನ ಕಾಲದಿಂದಲೋ ತಾತನ ಕಾಲದಿಂದಲೋ, ಸಾಕ್ಷಿ ಹೇಳಿದವರು ಯಾರು, ಇದೆಲ್ಲ ಆ ಕಡತದಲ್ಲಿರಬಹುದು. ಕರಾವಳಿ, ಮಲೆನಾಡಿನ ಮನೆಗಳಿಗೆ ಇದು ತುಂಬ ಬೆಲೆಬಾಳುವ ಕಾಗದ. ಅಲ್ಲಿ ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ಶಾಶ್ವತವಲ್ಲದ ಗೇಣಿ) ಪತ್ರಗಳೂ ಮನೆಯಲ್ಲಿರಬಹುದು.

ಊರ ಚಾಕರಿಯ ತೋಟಿ, ಕಾವಲಿನ ತಳವಾರ, ಕೆರೆ ನೀರು ಬಿಡುವ ನೀರಗಂಟಿ ಮನೆತನಗಳಿಗೆ ಸೇವೆಯ ಇನಾಂ ಜಮೀನಿತ್ತು. ಹಳೆ ಪುಸ್ತಕಗಳಲ್ಲಿ ಆ ನಂಬರುಗಳ ಎದುರು ತೋಟಿ ಇನಾಂ, ನೀರಗಂಟಿ ಇನಾಂ ಅಂತಲೇ ಬರೆದಿರುತ್ತದೆ. ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆಯ ನಂತರ ಈ ಜಮೀನುಗಳನ್ನು ಮರುಮಂಜೂರಾತಿ ಮಾಡಿದರು. ಆ ಕಡತಗಳಲ್ಲಿ ಹುದ್ದೆ ಯಾರಿಂದ ಯಾರಿಗೆ ಬಂತು ಅನ್ನುವ ವಂಶವೃಕ್ಷ ಹಾಕಿರುತ್ತಾರೆ. ಶಾನುಭೋಗರ, ಪಟೇಲರ ಮನೆತನಗಳಿಗೂ ಇದೇ ದಾರಿ. ಸರ್ಕಾರದಿಂದ ಜಮೀನು ಮಂಜೂರಾದವರಿಗೆ ಸಾಗುವಳಿ ಚೀಟಿ ಇರುತ್ತದೆ. ಇಡೀ ಊರೇ ಇನಾಂ ಆಗಿದ್ದರೆ 1954, 1955ರ ಇನಾಂ ರದ್ದತಿ ಕಾಯ್ದೆಗಳ ಕಡತ ಕೇಳಿ.

ಊರೇ ಕಾಣದಿದ್ದರೆ ಟೋಪೋ ಶೀಟ್

ಗ್ರಾಮ ನಕ್ಷೆ ಒಂದು ಊರಿನೊಳಗಿನದು. ಊರಿಂದ ಊರಿಗೆ ಹೋದ ಕಥೆಗೆ ಸರ್ವೆ ಆಫ್ ಇಂಡಿಯಾದ ಟೋಪೋ ಶೀಟ್, ಅಂದರೆ ಬೆಟ್ಟ, ಹೊಳೆ, ಊರು, ದಾರಿ ತೋರಿಸುವ ಸೀಮೆಯ ನಕ್ಷೆ ಬೇಕು. ಹಳೆಯವು ಒಂದು ಇಂಚಿಗೆ ಒಂದು ಮೈಲಿ, ಆಮೇಲಿನವು 1:50,000. ಒಂದು ಶೀಟು ಸುಮಾರು 27 ಕಿಲೋಮೀಟರ್ ಉದ್ದಗಲದ ಸೀಮೆಯನ್ನು ತೋರಿಸುತ್ತದೆ. ಮೈಸೂರು ನಗರ ಇರುವುದು 57 ಡಿ/11ರಲ್ಲಿ, ಬೆಂಗಳೂರಿನ ಬಹುಭಾಗ 57 ಎಚ್/9ರಲ್ಲಿ. ಈಗಿನ ಓಪನ್ ಸೀರೀಸ್ ನಕ್ಷೆಗಳಿಗೆ ನಂಬರ್ ಪದ್ಧತಿ ಬೇರೆ. ಅವು ಸರ್ವೆ ಆಫ್ ಇಂಡಿಯಾದ ಜಾಲತಾಣದಲ್ಲಿ ಸಿಗುತ್ತವೆ. 1950ರ ದಶಕದ ಸ್ಥಿತಿ ನೋಡಲು ಅಮೆರಿಕದ ಆರ್ಮಿ ಮ್ಯಾಪ್ ಸರ್ವಿಸ್‌ನವರ 1:250,000 ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಆನ್‌ಲೈನ್‌ನಲ್ಲಿ ಇಟ್ಟಿದೆ. ಇನ್ನೂ ಹಳೆಯ ನಕ್ಷೆಗಳಿಗೆ ಡೇವಿಡ್ ರಮ್ಸೆ ಸಂಗ್ರಹದ ತಾಣವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ನಡೆಸಿದ ಮೈಸೂರು ಸರ್ವೆಯ ಕಾಗದಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಷ್ಟು ಹಿಂದಿನದರಲ್ಲಿ ಊರು ಇತ್ತೇ ಇಲ್ಲವೇ ಅನ್ನುವುದು ತಿಳಿದರೆ ಹೆಚ್ಚು, ಹೊಲ ಸಿಗುವುದಿಲ್ಲ.

ಟೋಪೋ ಶೀಟಿನ ಅಂಚಿನಲ್ಲಿ ಎರಡು ವರ್ಷ ಇರುತ್ತವೆ, ಸರ್ವೆ ಆದದ್ದು ಮತ್ತು ಅಚ್ಚಾದದ್ದು. ನಡುವೆ ಹಲವು ವರ್ಷಗಳ ಅಂತರ ಇರಬಹುದು. ನಿಮಗೆ ಬೇಕಾದದ್ದು ಮೊದಲಿನದು.

ಹೆಸರುಗಳಿಗೆ ಸಿದ್ಧರಾಗಿರಿ. ಹಳೆ ನಕ್ಷೆಯಲ್ಲಿ ರಾಮನಗರ ಹುಡುಕಿದರೆ ಸಿಗದು, ಕ್ಲೋಸ್‌ಪೇಟೆ ಅಂತ ಇರುತ್ತದೆ. ಪಾಂಡವಪುರ ಫ್ರೆಂಚ್ ರಾಕ್ಸ್, ಕೆ.ಆರ್. ಪೇಟೆ ಅತ್ತಿಕುಪ್ಪೆ, ಕೆ.ಆರ್. ನಗರ ಎಡತೊರೆ. ಸಣ್ಣ ಊರುಗಳ ಹೆಸರನ್ನು ಇಂಗ್ಲಿಷ್ ಅಧಿಕಾರಿ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಕಣ್ಣಿಗೆ ಗುರುತು ಸಿಗದಿದ್ದರೆ ಜೋರಾಗಿ ಓದಿ ನೋಡಿ, ಕಿವಿಗೆ ಸಿಗುತ್ತದೆ.

ಮುಳುಗಡೆಯ ಊರಿನವರಿಗಂತೂ ಅಣೆಕಟ್ಟಿಗಿಂತ ಮುಂಚಿನ ಶೀಟ್ ಒಂದೇ ಗತಿ. ಕನ್ನಂಬಾಡಿ ಕೃಷ್ಣರಾಜಸಾಗರದಲ್ಲಿ ಮುಳುಗಿತು. ಶರಾವತಿಯ ಲಿಂಗನಮಕ್ಕಿ ಜಲಾಶಯ 1964ರದ್ದು, ತುಂಗಭದ್ರಾ ಜಲಾಶಯ 1953ರದ್ದು. ಸೂಪಾ ತಾಲೂಕು ಕೇಂದ್ರವೇ ನೀರಿಗೆ ಹೋಗಿ ಜೋಯಿಡಾ ತಾಲೂಕಾಯಿತು. ಇಂಥ ಊರುಗಳಿಗೆ ಭೂಸ್ವಾಧೀನದ ಕಡತಗಳನ್ನು ನಕ್ಷೆಯ ಜೊತೆ ಇಟ್ಟು ಓದಬೇಕು. ಪರಿಹಾರ ಕೊಡಲು ಒಂದೊಂದು ನಂಬರು, ಮನೆ, ಮರ, ಬಾವಿ ಲೆಕ್ಕ ಹಾಕಿರುತ್ತಾರೆ. ಮುಳುಗಿದ ಊರಿನ ವಿವರ ಒಮ್ಮೊಮ್ಮೆ ಉಳಿದ ಊರುಗಳದ್ದಕ್ಕಿಂತ ಚೆನ್ನಾಗಿ ಸಿಗುವುದು ಇದರಿಂದ.

ಹಳೆಯದರ ಮೇಲೆ ಹೊಸದು

ಸುಲಭದ ದಾರಿ ಮೊದಲು. ದಿಶಾಂಕ್ ಆ್ಯಪ್‌ನಲ್ಲಿ ಉಪಗ್ರಹ ಚಿತ್ರದ ಮೇಲೆ ಸರ್ವೆ ನಂಬರುಗಳ ಗೆರೆ ಕಾಣುತ್ತದೆ. ಹೊಲದಲ್ಲಿ ನಿಂತರೆ ಯಾವ ನಂಬರಿನಲ್ಲಿದ್ದೀರಿ ಅಂತ ತೋರಿಸುತ್ತದೆ. ಗೆರೆ ಅಲ್ಪಸ್ವಲ್ಪ ಆಚೀಚೆ ಇರುತ್ತದೆ, ಅದನ್ನೇ ಹಿಡಿದು ಬದು ಜಗಳಕ್ಕೆ ಹೋಗಬೇಡಿ.

ನಿಮ್ಮ ಹತ್ತಿರದ ಹಳೆ ನಕ್ಷೆಯನ್ನೇ ಕೂರಿಸಬೇಕೆಂದರೆ ಗೂಗಲ್ ಅರ್ಥ್ ಪ್ರೋದಲ್ಲಿ ಇಮೇಜ್ ಓವರ್‌ಲೇ ಬಳಸಿ ಪಾರದರ್ಶಕ ಮಾಡಿಕೊಳ್ಳಬಹುದು. ಅಚ್ಚುಕಟ್ಟಾಗಿ ಬೇಕಾದರೆ ಉಚಿತವಾಗಿ ಸಿಗುವ ಕ್ಯೂಜಿಐಎಸ್‌ನ ಜಿಯೋರೆಫರೆನ್ಸರ್ ಒಳ್ಳೆಯದು. ಎರಡರಲ್ಲೂ ಗುಟ್ಟು ಒಂದೇ, ಹೊಂದಿಸಲು ಆರಿಸುವ ಗುರುತುಗಳು. ಹಳೆ ದೇವಸ್ಥಾನ, ಬೆಟ್ಟದ ತುದಿ, ಕೆರೆ ಏರಿಯ ಎರಡು ತುದಿ, ಮೂರು ಊರಿನ ಗಡಿ ಕೂಡುವ ಕಲ್ಲು, ಇವು ಜಾಗ ಬಿಟ್ಟು ಕದಲುವುದಿಲ್ಲ. ಹಳ್ಳದ ತಿರುವು, ರಸ್ತೆ ಬೇಡ, ಅವು ಸರಿದಿರುತ್ತವೆ. ಗುರುತುಗಳು ಒಂದೇ ಮೂಲೆಯಲ್ಲಿ ಇರದೆ ನಕ್ಷೆಯ ನಾಲ್ಕೂ ಕಡೆ ಇರಲಿ.

ಊರಿಗೆ ಹೋಗುವಾಗ

ಬೇಸಿಗೆಯಲ್ಲಿ ಹೋಗಿ. ಬೆಳೆ ಇಲ್ಲದಿದ್ದಾಗ ಬದು, ಬಾಂದು ಕಲ್ಲು, ಹಾಳು ಬಾವಿ, ಹಳೆ ಗೋಡೆಯ ಪಾಯ ಎಲ್ಲ ಕಾಣುತ್ತವೆ. ಕೆರೆಯ ನೀರು ಇಳಿದಿದ್ದರೆ ಇನ್ನೂ ಒಳ್ಳೆಯದು.

ನಕ್ಷೆ ಹಿಡಿದುಕೊಂಡು ನೇರ ಹೊಲಕ್ಕೆ ಇಳಿಯಬೇಡಿ. ಪ್ಯಾಂಟು ಹಾಕಿಕೊಂಡ ಹೊಸಬ ನಕ್ಷೆ ಬಿಡಿಸಿ ನಿಂತರೆ ಹಳ್ಳಿಯಲ್ಲಿ ಅದಕ್ಕಿರುವುದು ಒಂದೇ ಅರ್ಥ. “ಏನ್ ಸ್ವಾಮಿ, ಪಾಲು ಕೇಳೋಕೆ ಬಂದ್ರಾ?” ಅಂತ ನೇರವಾಗಿ ಕೇಳಿದರೆ ಪರವಾಗಿಲ್ಲ, ಉತ್ತರ ಕೊಡಬಹುದು. ಕೇಳದೆ ಸುಮ್ಮನಾದರೆ ಕಷ್ಟ, ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ. ಮೊದಲು ಹಿರಿಯರೊಬ್ಬರ ಮನೆಗೆ ಹೋಗಿ ನೀವು ಯಾರ ಮೊಮ್ಮಗ, ಯಾರ ಮೊಮ್ಮಗಳು ಅಂತ ಹೇಳಿ. ವಂಶವೃಕ್ಷ ಬರೆದ ಹಾಳೆ ತೋರಿಸಿ, ಪಹಣಿ ತೋರಿಸಬೇಡಿ. ಈಗ ಆ ಹೊಲ ಉಳುತ್ತಿರುವವರನ್ನು ಕೇಳಿಯೇ ಒಳಗೆ ಕಾಲಿಡಿ. ನಿಮ್ಮ ಕುಟುಂಬದಲ್ಲೇ ಜಮೀನಿನ ವ್ಯಾಜ್ಯ ನಡೆಯುತ್ತಿದ್ದರೆ ಅದು ಮುಗಿಯುವ ತನಕ ಊರಿನ ಭೇಟಿ ಮುಂದಕ್ಕೆ ಹಾಕಿ, ಕಚೇರಿಯ ಕೆಲಸ ಮಾತ್ರ ಮಾಡಿಕೊಳ್ಳಿ.

ಅಲ್ಲಿ ಕೇಳಿದ್ದನ್ನು ಅದೇ ದಿನ ಬರೆದಿಡಿ. ಒಂದೊಂದು ಸಂಗತಿಯ ಪಕ್ಕದಲ್ಲೂ ಅದು ಎಲ್ಲಿಂದ ಬಂತು ಅಂತ ಇರಲಿ: ಟಿಪ್ಪಣಿಯಿಂದಲೋ, ಎಂಆರ್‌ನಿಂದಲೋ, ಯಾರ ಬಾಯಿಂದಲೋ, ನಿಮ್ಮದೇ ಊಹೆಯೋ. ಊಹೆಗೆ ಬೇರೆ ಬಣ್ಣದ ಶಾಯಿ ಬಳಸಿ. ಗ್ರಾಮ ನಕ್ಷೆಯ ಒಂದು ಪ್ರತಿಯ ಮೇಲೆ ಒಂದೊಂದು ತಲೆಮಾರಿನ ಹಿಡುವಳಿಗೆ ಒಂದೊಂದು ಬಣ್ಣ ತುಂಬಿ, ಕೆಳಗೆ ಯಾವ ವರ್ಷದ ದಾಖಲೆ ಅಂತ ಬರೆಯಿರಿ. ಅದರ ಜೆರಾಕ್ಸ್ ಒಂದನ್ನು ಊರಿನ ದಾಯಾದಿ ಮನೆಗೆ ಕೊಟ್ಟುಬನ್ನಿ. ಅದರಲ್ಲಿ ತಪ್ಪು ಕಂಡರೆ ಅವರೇ ಫೋನ್ ಮಾಡಿ ಹೇಳುತ್ತಾರೆ.